ಮುಗಿಯದ ಸ್ತುತಿಯ ಕೊನೆ: ಬ್ರೂಕ್ನರ್ ಒಂಬತ್ತನೆಯ ಸಿಂಫನಿಯ ಧ್ವನಿಮುದ್ರಣಗಳನ್ನು ಕುರಿತು

ಒಂದೇ ಸಂಗೀತಕೃತಿಯ ಹಲವು ಧ್ವನಿಮುದ್ರಣಗಳನ್ನು ಹೋಲಿಸುವ ಕೆಲಸ ಬಹುಮಟ್ಟಿಗೆ ರುಚಿಯ ವಿಷಯವೆಂದೇ ಎಣಿಕೆಯಾಗಿದೆ; ಯಾವುದು ಹೆಚ್ಚು ಶುದ್ಧ, ಯಾವುದು ಹೆಚ್ಚು ಇಂಪು ಎಂಬ ತೀರ್ಮಾನ ಬಂದೊಡನೆ ಆ ಕೆಲಸ ಮುಗಿಯಿತೆಂದು ಕೇಳುಗರು ಭಾವಿಸುತ್ತಾರೆ. ಆಸ್ಟ್ರಿಯಾದ ಆಂಟನ್ ಬ್ರೂಕ್ನರ್ (1824–1896) ರಚಿಸಿದ ಒಂಬತ್ತನೆಯ ಸಿಂಫನಿಯನ್ನು, ಅಂದರೆ ಪೂರ್ಣ ವಾದ್ಯವೃಂದಕ್ಕಾಗಿ ಹಲವು ಭಾಗಗಳಲ್ಲಿ ಬರೆದ ಆ ದೊಡ್ಡ ಕೃತಿಯನ್ನು, ಹೀಗೆ ಹೋಲಿಸಹೊರಟವರಿಗೆ ಮಾತ್ರ ರುಚಿಯ ತೀರ್ಮಾನ ಸಾಲದೆ ಬರುತ್ತದೆ. ರಚನಕಾರರು ದೇವರಿಗೆ ಅರ್ಪಿಸಬಯಸಿದ ಕೃತಿ ಅದು. ನಾಲ್ಕು ಭಾಗಗಳಲ್ಲಿ ಮೂರನ್ನು ಮಾತ್ರ ಮುಗಿಸಿ ಅವರು ತೀರಿಕೊಂಡರು, ಸ್ತುತಿಯಾಗಬೇಕಿದ್ದ ಕೊನೆಯ ಭಾಗ ಅರೆಬರೆಯಾಗಿ ಉಳಿಯಿತು. ಆದ್ದರಿಂದ ಅದನ್ನು ನುಡಿಸುವ ಪ್ರತಿಯೊಬ್ಬ ನಿರ್ದೇಶಕನೂ, ತಾನು ಆಸ್ತಿಕನಾಗಿರಲಿ ಇಲ್ಲದಿರಲಿ, ಒಂದು ಪ್ರಶ್ನೆಗೆ ಕೈಚಲನೆಯಲ್ಲೇ ಉತ್ತರ ಕೊಡಬೇಕಾಗುತ್ತದೆ: ಸ್ತುತಿಯ ಕಡೆಗೆ ಹೊರಟ ಪ್ರಾರ್ಥನೆಯೊಂದು ನಡುವೆ ನಿಂತುಹೋದರೆ, ಅದು ನಿಂತ ಜಾಗವನ್ನೇ ಅದರ ಗುರಿಯೆಂದು ತಿಳಿಯುವುದು ಸರಿಯೇ?

ಬ್ರೂಕ್ನರ್ ಮೇಲಣ ಆಸ್ಟ್ರಿಯಾದ ಆನ್ಸ್‌ಫೆಲ್ಡೆನ್ ಎಂಬ ಹಳ್ಳಿಯ ಶಾಲಾಮಾಸ್ತರರ ಮಗ. ಸೇಂಟ್ ಫ್ಲೋರಿಯನ್ ಮಠದಲ್ಲಿ ಬೆಳೆದು, ಅಲ್ಲಿಯೂ ಲಿಂಟ್ಸ್ ನಗರದ ಪ್ರಧಾನ ಚರ್ಚಿನಲ್ಲಿಯೂ ಆರ್ಗನ್ ವಾದಕರಾಗಿದ್ದು, ಅನಂತರ ವಿಯೆನ್ನಾದಲ್ಲಿ ಪಾಠ ಹೇಳಿದವರು. ಅವರ ಕ್ಯಾಥೊಲಿಕ್ ನಿಷ್ಠೆ ಎಷ್ಟು ನಿತ್ಯದ್ದಾಗಿತ್ತೆಂದರೆ, ದಿನದಿನವೂ ಯಾವ ಪ್ರಾರ್ಥನೆಯನ್ನು ಎಷ್ಟು ಬಾರಿ ಹೇಳಿದರೆಂಬ ಲೆಕ್ಕವನ್ನು ತಮ್ಮ ಜೇಬಿನ ದಿನಚರಿಗಳಲ್ಲಿ ಗೆರೆಯೆಳೆದು ಗುರುತಿಸಿಟ್ಟಿದ್ದಾರೆ. ಒಂಬತ್ತನೆಯ ಸಿಂಫನಿಯ ಮೊದಲ ಕರಡುಗಳು 1887ರವು. ನಡುವೆ ಹಳೆಯ ಕೃತಿಗಳ ಪರಿಷ್ಕರಣದಲ್ಲಿ ವರ್ಷಗಳು ಕಳೆದವು. ಮೊದಲ ಭಾಗ 1893ರ ಡಿಸೆಂಬರಿನಲ್ಲಿಯೂ, ಸ್ಕೆರ್ಟ್ಸೋ ಎಂಬ ರಭಸದ ಎರಡನೆಯ ಭಾಗ 1894ರ ಫೆಬ್ರವರಿಯಲ್ಲಿಯೂ, ಅಡಾಜಿಯೋ ಎಂಬ ವಿಳಂಬಗತಿಯ ಮೂರನೆಯ ಭಾಗ ಅದೇ ವರ್ಷದ ನವೆಂಬರ್ 30ರಂದೂ ಮುಗಿದವು. ಉಳಿದ ಎರಡು ವರ್ಷಗಳ ಆಯುಷ್ಯ ಕೊನೆಯ ಭಾಗಕ್ಕೆ ಮೀಸಲಾಗಿದ್ದರೂ ಕಾಯಿಲೆ ಅದನ್ನು ಮುಗಿಸಲು ಬಿಡಲಿಲ್ಲ. ಕೃತಿಯನ್ನು ದೇವರಿಗೆ ಅರ್ಪಿಸುವ ಮಾತು ಸ್ವರಲಿಪಿಯ ಮುಖಪುಟದಲ್ಲಿ ಬರೆದದ್ದಲ್ಲ. ಅವರನ್ನು ನೋಡಿಕೊಳ್ಳುತ್ತಿದ್ದ ವೈದ್ಯರು ಉಳಿಸಿಕೊಟ್ಟ ನೆನಪಿನಿಂದ ಅದು ತಿಳಿದುಬಂದಿದೆ. ತಮಗೆ ಮುಗಿಸಲಾಗದಿದ್ದರೆ 1884ರಲ್ಲಿ ಪೂರ್ಣಗೊಳಿಸಿದ್ದ ತಮ್ಮ 'ತೆ ದೇಉಮ್' ಅನ್ನು ಕೊನೆಯ ಭಾಗವಾಗಿ ಹಾಡಿಸಬಹುದೆಂದೂ ಬ್ರೂಕ್ನರ್ ಸೂಚಿಸಿದ್ದರು. ತೆ ದೇಉಮ್ ಎಂಬುದು ಪಶ್ಚಿಮದ ಕ್ರೈಸ್ತಸಭೆಯ ಬಹು ಪ್ರಾಚೀನ ಸ್ತುತಿಗೀತೆ. ಅಗಸ್ಟೀನನಿಗೆ ದೀಕ್ಷಾಸ್ನಾನವಾದಾಗ ಅವನೂ ಅವನ ಗುರು ಆಂಬ್ರೋಸನೂ ಸರದಿಯಂತೆ ಅದನ್ನು ಆಶುವಾಗಿ ಹಾಡಿದರೆಂಬ ಐತಿಹ್ಯವಿದೆ. ಆ ಅಗಸ್ಟೀನನ ಮಾತು ಮುಂದೆ ಬೇರೆ ಕಾರಣಕ್ಕಾಗಿ ಬೇಕಾಗುತ್ತದೆ.

ಧ್ವನಿಮುದ್ರಣಗಳನ್ನು ಹೋಲಿಸುವುದಕ್ಕೆ ಮುನ್ನ ಹೋಲಿಸುತ್ತಿರುವುದು ಏನನ್ನು ಎಂಬುದು ಸ್ಪಷ್ಟವಾಗಬೇಕು. ಅಮೆರಿಕದ ತತ್ತ್ವಶಾಸ್ತ್ರಜ್ಞ ನೆಲ್ಸನ್ ಗುಡ್‌ಮನ್ 1968ರಲ್ಲಿ ಪ್ರಕಟಿಸಿದ ಕಲಾಮೀಮಾಂಸೆಯ ಗ್ರಂಥದಲ್ಲಿ, ಸ್ವರಲಿಪಿಯನ್ನು ತಪ್ಪದೆ ಪಾಲಿಸುವ ಪ್ರಯೋಗಗಳ ಸಮುದಾಯವೇ ಕೃತಿಯೆಂಬ ಕಠಿಣ ನಿಲುವನ್ನು ತಳೆಯುತ್ತಾರೆ. ಅದರ ಪ್ರಕಾರ ಒಂದು ಸ್ವರ ತಪ್ಪಿದರೂ ನುಡಿಸಿದ್ದು ಆ ಕೃತಿಯಲ್ಲ. 'ನಿಧಾನ, ಗಂಭೀರ' ಎಂಬಂಥ ಮಾತಿನ ಸೂಚನೆಗಳು ಸ್ವರಚಿಹ್ನೆಗಳಷ್ಟು ಖಚಿತವಲ್ಲವಾದ್ದರಿಂದ ಕೃತಿಯ ಗುರುತಿಗೆ ಅವು ಲೆಕ್ಕಕ್ಕಿಲ್ಲ. ಪೋಲೆಂಡಿನ ರೋಮನ್ ಇಂಗಾರ್ಡೆನ್ ಇದಕ್ಕೆ ದೂರವಾದ ದಾರಿ ಹಿಡಿದು, ಲಿಪಿ ಕೊಡುವುದು ಕೃತಿಯ ಚೌಕಟ್ಟನ್ನು ಮಾತ್ರ, ಅದರಲ್ಲಿ ನಿರ್ಧಾರವಾಗದೆ ಬಿಟ್ಟ ಎಡೆಗಳಿವೆ, ಪ್ರತಿ ಪ್ರಯೋಗವೂ ಆ ಎಡೆಗಳನ್ನು ತನ್ನದೇ ರೀತಿಯಲ್ಲಿ ತುಂಬುತ್ತದೆ ಎನ್ನುತ್ತಾರೆ. ಭಾರತೀಯ ವ್ಯಾಕರಣದರ್ಶನದಲ್ಲಿ ಇದೇ ಪ್ರಶ್ನೆ ಶಬ್ದದ ವಿಷಯವಾಗಿ ಬಹಳ ಹಿಂದೆಯೇ ಎದ್ದಿದೆ. ಒಂದೇ ಪದವನ್ನು ಒಬ್ಬನು ದ್ರುತವಾಗಿಯೂ ಇನ್ನೊಬ್ಬನು ವಿಳಂಬವಾಗಿಯೂ ಉಚ್ಚರಿಸಿದಾಗ ಪದ ಬೇರೆಯಾಗುತ್ತದೆಯೇ ಎಂದು ಕೇಳಿಕೊಂಡ ವಾಕ್ಯಪದೀಯದ ಭರ್ತೃಹರಿ, ಅರ್ಥವನ್ನು ಬೆಳಗುವ ಅಖಂಡ ಶಬ್ದತತ್ತ್ವವಾದ ಸ್ಫೋಟಕ್ಕೆ ವೇಗದ ಭೇದ ತಗಲುವುದಿಲ್ಲವೆಂದೂ, ಆ ಭೇದವು ಶಬ್ದವು ವ್ಯಕ್ತವಾದ ಮೇಲೂ ಮುಂದುವರಿಯುವ ವೈಕೃತಧ್ವನಿಗೆ ಸೇರಿದ್ದೆಂದೂ ನಿರ್ಣಯಿಸುತ್ತಾನೆ. ಅವನಿಗಿಂತ ಹಿಂದಿನ ಪತಂಜಲಿ ಇದಕ್ಕೆ ಭೇರಿಯ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಭೇರಿಯ ನಾದ ಒಮ್ಮೆ ಇಪ್ಪತ್ತು ಹೆಜ್ಜೆ, ಒಮ್ಮೆ ಮೂವತ್ತು ಹೆಜ್ಜೆ ದೂರ ಕೇಳಿಸಿದರೂ ಆ ಹೆಚ್ಚಳವೆಲ್ಲ ಧ್ವನಿಯದು, ಸ್ಫೋಟ ಇದ್ದಷ್ಟೇ ಇರುತ್ತದೆ.

ಮಾತಿಗೆ ಒಪ್ಪುವ ಈ ವಿಭಾಗ ಸಂಗೀತಕ್ಕೆ ಹಾಗೆಯೇ ಒಪ್ಪುವುದೆಂದು ಹೇಳಲಾಗದು. ಕಾಲಪ್ರಮಾಣವನ್ನು ಬದಲಿಸಿದರೆ ರಾಗದ ಭಾವವೇ ಬದಲಾಗುವುದನ್ನು ಬಲ್ಲ ಕೇಳುಗನಿಗೆ, ವೇಗವು ಕೃತಿಯ ಹೊರಮೈಗೆ ಸೇರಿದ್ದೆಂಬ ವಾದ ಮನಸ್ಸಿಗೆ ಹಿಡಿಸುವುದು ಕಷ್ಟ. ಬ್ರೂಕ್ನರ್ ಅಡಾಜಿಯೋದ ತಲೆಯ ಮೇಲೆ ನಿಧಾನವೆಂದೂ ಗಂಭೀರವೆಂದೂ ಬರೆದಿದ್ದಾರೆ. ಎಷ್ಟು ನಿಧಾನ, ಯಾವುದರ ಗಾಂಭೀರ್ಯ ಎಂಬುದು ಅಲ್ಲಿಂದ ತಿಳಿಯದು. ಇಲ್ಲಿ ಹೋಲಿಸುವ ಧ್ವನಿಮುದ್ರಣಗಳಲ್ಲಿ ಆ 243 ಪಟ್ಟುಗಳ, ಅಂದರೆ ತಾಳದ ಖಂಡಗಳ, ಭಾಗ 23 ನಿಮಿಷಗಳಿಂದ 30 ನಿಮಿಷಗಳಾಚೆಗೂ ಹಬ್ಬಿದೆ. ಮೊದಲ ಭಾಗದಲ್ಲಿ ಅಂತರ ಇನ್ನೂ ದೊಡ್ಡದು, ನಿರ್ದೇಶಕ ಓಯ್ಗನ್ ಯೋಖುಮ್ ಸುಮಾರು 23 ನಿಮಿಷಗಳಲ್ಲಿ ಮುಗಿಸುವುದನ್ನು ಸೆರ್ಜಿಯು ಚೆಲಿಬಿದಾಕೆ 32 ನಿಮಿಷಗಳಿಗೂ ಮೀರಿ ನಡೆಸುತ್ತಾರೆ. ಸ್ವರಗಳು ಅವೇ, ವಾದ್ಯಗಳು ಅವೇ. ಆದರೂ ಎರಡನ್ನೂ ಕೇಳಿದವನು ಒಂದೇ ಪ್ರಾರ್ಥನೆಯನ್ನು ಕೇಳಿದೆನೆಂದು ಪ್ರಮಾಣಮಾಡಿ ಹೇಳಲಾರ.

ಲಿಪಿಯೇ ನೆಟ್ಟಗಿಲ್ಲದಿದ್ದ ಕಾಲವೊಂದಿತ್ತು. ಬ್ರೂಕ್ನರ್ ತೀರಿಕೊಂಡ ಆರು ವರ್ಷಗಳ ಮೇಲೆ, 1903ರ ಫೆಬ್ರವರಿ 11ರಂದು ಅವರ ಶಿಷ್ಯ ಫರ್ಡಿನಾಂಡ್ ಲೋವೆ ಈ ಕೃತಿಯನ್ನು ವಿಯೆನ್ನಾದಲ್ಲಿ ಮೊದಲ ಬಾರಿಗೆ ನುಡಿಸಿ, ಕೊನೆಗೆ ಗುರುವಿನ ಇಚ್ಛೆಯಂತೆ ತೆ ದೇಉಮ್ ಹಾಡಿಸಿದರು. ಆದರೆ ಅವರು ನುಡಿಸಿದ್ದೂ ಅದೇ ವರ್ಷ ಅಚ್ಚುಹಾಕಿಸಿದ್ದೂ ಗುರುವಿನ ಲಿಪಿಯನ್ನಲ್ಲ, ತಾವೇ ತಿದ್ದಿ ನಯಗೊಳಿಸಿದ ಪಾಠವನ್ನು. ತಿದ್ದಿದ್ದೇನೆಂದು ಎಲ್ಲಿಯೂ ತಿಳಿಸಲೂ ಇಲ್ಲ. ತಿದ್ದುಪಡಿಗಳಲ್ಲಿ ತಾತ್ತ್ವಿಕವಾಗಿ ಅತ್ಯಂತ ಗಂಭೀರವಾದದ್ದು ಅಡಾಜಿಯೋದ ಶಿಖರದಲ್ಲಿದೆ. ಅಲ್ಲಿ ಇಡೀ ವಾದ್ಯವೃಂದ ತನ್ನ ಪೂರ್ಣ ಬಲದಿಂದ, ಒಂದು ಸ್ವರಶ್ರೇಣಿಯ ಏಳೂ ಸ್ವರಗಳನ್ನು ಏಕಕಾಲದಲ್ಲಿ ಹೊತ್ತ ಕರ್ಕಶವಾದ ಸ್ವರಗುಚ್ಛವೊಂದನ್ನು ನುಡಿಸಿ, ಅದಕ್ಕೆ ಶಮನವನ್ನು ಕೊಡದೆ, ದೀರ್ಘವಾದ ನಿಶ್ಶಬ್ದಕ್ಕೆ ಇಳಿದುಬಿಡುತ್ತದೆ. ಲೋವೆ ಆ ಗುಚ್ಛದಿಂದ ಕೆಲವು ಸ್ವರಗಳನ್ನು ತೆಗೆದು ಅದನ್ನು ಸಹ್ಯವಾಗಿಸಿದರು. ಗುರುಭಕ್ತಿಯಿಂದ ಮಾಡಿದ ಕೆಲಸವದು, ಕೃತಿ ಜನರನ್ನು ಮುಟ್ಟಲಿ ಎಂಬ ಹಂಬಲವೂ ಅದರಲ್ಲಿತ್ತು. ಆದರೂ ಪರಿಣಾಮವನ್ನು ನೋಡಿದರೆ, ಭಕ್ತನೊಬ್ಬ ದೇವರ ಮುಂದೆ ಕೂಗಿದ ಕೂಗನ್ನು ಇನ್ನೊಬ್ಬ ಭಕ್ತ ತಗ್ಗಿಸಿದಂತಾಯಿತು. 1932ರ ಏಪ್ರಿಲ್ 2ರಂದು ಮ್ಯೂನಿಕ್‌ನಲ್ಲಿ ಸೀಗ್ಮುಂಡ್ ಫೋನ್ ಹೌಸೆಗರ್ ಲೋವೆಯ ಪಾಠವನ್ನೂ ಮೂಲಪಾಠವನ್ನೂ ಒಂದೇ ಕಚೇರಿಯಲ್ಲಿ ಒಂದಾದಮೇಲೊಂದರಂತೆ ನುಡಿಸಿದಾಗಲಷ್ಟೇ ಕೇಳುಗರಿಗೆ ಸತ್ಯ ತಿಳಿದದ್ದು. ಹೋಲಿಕೆಯಿಂದ ರುಚಿಭೇದಕ್ಕಿಂತ ಹೆಚ್ಚಿನದು ಹೊರಬರಬಲ್ಲುದೆಂಬುದಕ್ಕೆ ಆ ಸಂಜೆಗಿಂತ ಬಲವಾದ ಸಾಕ್ಷ್ಯ ಬೇಡ. ಮೂಲಪಾಠದ ಮೊದಲ ಧ್ವನಿಮುದ್ರಣವೂ ಹೌಸೆಗರ್ ಅವರದೇ, 1938ರದು. ಒಂದು ಬದಿಗೆ ನಾಲ್ಕು ನಿಮಿಷ ಮಾತ್ರ ಹಿಡಿಸುವ ಅರಗಿನ ತಟ್ಟೆಗಳಿಗಾಗಿ ಕೃತಿಯನ್ನು ತುಂಡುತುಂಡಾಗಿ ನುಡಿಸಬೇಕಾಗಿದ್ದ ಕಾಲದಲ್ಲಿಯೂ, ಆ ಸ್ವರಗುಚ್ಛ ತನ್ನೆಲ್ಲ ಕಟುತ್ವದೊಡನೆ ಅದರಲ್ಲಿ ಉಳಿದಿದೆ.

ಬ್ರೂಕ್ನರ್ ದೇವರನ್ನು ಕಂಡುಕೊಂಡವರು, ಅವರ ಸಂಗೀತ ನೆಲೆನಿಂತ ನಂಬಿಕೆಯ ಸಂಗೀತ ಎಂಬ ಮಾತು ಬಹಳ ಬಳಕೆಯಲ್ಲಿದೆ. ಅಡಾಜಿಯೋವನ್ನು ಗಮನವಿಟ್ಟು ಕೇಳಿದರೆ ಆ ಮಾತು ಎಷ್ಟು ಅವಸರದ್ದೆಂದು ತಿಳಿಯುತ್ತದೆ. ಮೊದಲ ಪಿಟೀಲುಗಳು ಒತ್ತಾಸೆಯಿಲ್ಲದೆ ಒಂಟಿಯಾಗಿ, ಸಪ್ತಕವನ್ನೂ ದಾಟಿದ ನೆಗೆತವೊಂದನ್ನು ಎತ್ತಿಕೊಂಡು ತೊಡಗುತ್ತವೆ, ಮತ್ತು ಎತ್ತಿದ ಸ್ವರಕ್ಕೆ ನೆಲೆ ಯಾವುದೆಂದು ಕೇಳುಗನಿಗೆ ಬೇಗನೆ ತಿಳಿಯುವುದಿಲ್ಲ. ಸ್ವಲ್ಪ ಮುಂದೆ ಹಾರ್ನುಗಳೂ, ವಾಗ್ನರ್ ಟ್ಯೂಬಾ ಎಂಬ ತುಂಬುಕಂಠದ ಹಿತ್ತಾಳೆಯ ವಾದ್ಯಗಳೂ ಸೇರಿ ನುಡಿಸುವ ಇಳಿಮುಖದ ಸಾಲನ್ನು ಬ್ರೂಕ್ನರ್ ಬದುಕಿಗೆ ಹೇಳುವ ವಿದಾಯವೆಂದು ಕರೆದಿದ್ದರು. ತಮ್ಮ ಡಿ ಮೈನರ್ ಮಾಸ್ ಎಂಬ ಪೂಜಾಸಂಗೀತದಲ್ಲಿ ಕರುಣಿಸೆಂದು ಬೇಡುವ ಮಾತಿಗೆ ಹಾಕಿದ್ದ ಸ್ವರಗಳನ್ನು ಅವರು ಇಲ್ಲಿ ಮತ್ತೆ ತರುತ್ತಾರೆ. ಅದು ಆ ವಿರಾಟ್ ಸ್ವರಗುಚ್ಛಕ್ಕಿಂತ ಮೊದಲೇ ಬರುತ್ತದೆಯೆಂಬುದು ಮುಖ್ಯ, ಏಕೆಂದರೆ ಬೇಡಿಕೆಯಾದ ಮೇಲೆ ಬರುವುದು ಅನುಗ್ರಹವಲ್ಲ, ಆ ಕೂಗು. ಶಾಂತಿ ಸಿಗುವುದು ಕೂಗೂ ನಿಶ್ಶಬ್ದವೂ ಕಳೆದ ಮೇಲೆ, ಕೊನೆಯ ಪುಟಗಳಲ್ಲಿ. ಅಲ್ಲಿ ಎಂಟನೆಯ ಮತ್ತು ಏಳನೆಯ ಸಿಂಫನಿಗಳ ನೆನಪು ಸುಳಿದು, ಹಾರ್ನು ಮತ್ತು ಟ್ಯೂಬಾಗಳು ಹಿಡಿದ ದೀರ್ಘ ಸ್ವರಗಳ ಮೇಲೆ ಭಾಗ ಮುಗಿಯುತ್ತದೆ. ಈ ಶಾಂತಿ ಕೂಗಿಗೆ ಉತ್ತರವೇ, ಅಥವಾ ಕೂಗಿ ದಣಿದವನ ವಿಶ್ರಾಂತಿಯೇ ಎಂಬುದನ್ನು ಲಿಪಿ ಹೇಳುವುದಿಲ್ಲ; ಇಂಗಾರ್ಡೆನ್ ಹೇಳಿದ ನಿರ್ಧಾರವಾಗದ ಎಡೆಗಳಲ್ಲಿ ಇದರಷ್ಟು ಆಳವಾದದ್ದು ಸಂಗೀತಸಾಹಿತ್ಯದಲ್ಲಿ ಹೆಚ್ಚಿಲ್ಲ.

ಆ ಎಡೆಯನ್ನು ವಿಲ್‌ಹೆಲ್ಮ್ ಫುರ್ಟ್‌ವೆಂಗ್ಲರ್ ಬರ್ಲಿನ್ ಫಿಲ್‌ಹಾರ್ಮೋನಿಕ್‌ನೊಂದಿಗೆ ತುಂಬಿದ ರೀತಿ 1944ರ ಅಕ್ಟೋಬರ್ 7ರ ಕಾಂತಪಟ್ಟಿಯಲ್ಲಿ ಉಳಿದುಬಂದಿದೆ. ಆ ವರ್ಷದ ಆರಂಭದಲ್ಲಿಯೇ ಆ ವೃಂದದ ಸಭಾಭವನ ಬಾಂಬುದಾಳಿಗೆ ನಾಶವಾಗಿತ್ತು. ಫುರ್ಟ್‌ವೆಂಗ್ಲರ್ ಶಿಖರಗಳು ಸಮೀಪಿಸಿದಂತೆ ಗತಿಯನ್ನು ಒತ್ತಿ ಮುಂದೂಡುತ್ತಾರೆ, ಶಿಖರ ದಾಟಿದೊಡನೆ ಗತಿ ಕುಸಿಯುತ್ತದೆ. ಅವರ ಅಡಾಜಿಯೋ ಸುಮಾರು 25 ನಿಮಿಷಗಳದ್ದಾದರೂ ಗಡಿಯಾರದ ಅಳತೆ ಅದರ ಒಳಗಿನ ತುಯ್ದಾಟವನ್ನು ತಿಳಿಸಲಾರದು. ಆ ಏಳು ಸ್ವರಗಳ ಗುಚ್ಛ ಇಲ್ಲಿ ಕಟ್ಟಿದ ರಚನೆಯ ತುದಿಯಾಗಿ ಕೇಳಿಸದೆ, ತಡೆಯಲಾಗದೆ ಒಡೆದದ್ದರಂತೆ ಕೇಳಿಸುತ್ತದೆ. ಇದನ್ನು ಪ್ರಾರ್ಥನೆಯ ತೀವ್ರತೆಯೆನ್ನಬಹುದೇ ಎಂಬಲ್ಲಿ ಕೇಳುಗನ ನೈತಿಕ ಸಂಕಟ ತೊಡಗುತ್ತದೆ. ನಾಜಿ ಆಡಳಿತ ಬ್ರೂಕ್ನರ್ ಅವರನ್ನು ತನ್ನ ಸಾಂಸ್ಕೃತಿಕ ಮೂರ್ತಿಗಳಲ್ಲೊಂದಾಗಿ ಮಾಡಿಕೊಂಡಿತ್ತು. 1937ರ ಜೂನ್ 6ರಂದು ರೇಗೆನ್ಸ್‌ಬುರ್ಗ್ ಬಳಿಯ ವಾಲ್‌ಹಾಲಾ ಸ್ಮಾರಕಭವನದಲ್ಲಿ ಅವರ ಪ್ರತಿಮೆಯ ಅನಾವರಣಕ್ಕೆ ಹಿಟ್ಲರನೇ ಬಂದಿದ್ದ, 1945ರ ಮೇ 1ರಂದು ಅವನ ಸಾವನ್ನು ಸಾರುವ ಮೊದಲು ಜರ್ಮನ್ ಆಕಾಶವಾಣಿ ನುಡಿಸಿದ್ದು ಏಳನೆಯ ಸಿಂಫನಿಯ ಅಡಾಜಿಯೋವನ್ನು. ದೇವರ ಕರುಣೆಯನ್ನು ಬೇಡುವ ಸ್ವರಗಳು, ಕರುಣೆಯೆಂಬುದನ್ನೇ ಅಳಿಸಹೊರಟ ರಾಜ್ಯದ ರಾಜಧಾನಿಯಲ್ಲಿ, ಆ ರಾಜ್ಯದ ಆಕಾಶವಾಣಿಯ ಯಂತ್ರದ ಮೇಲೆ ಅಚ್ಚಾದವೆಂಬುದನ್ನು ಕೇಳುವಾಗ ಪಕ್ಕಕ್ಕಿಡಲಾಗದು.

ಅದನ್ನು ಪಕ್ಕಕ್ಕಿಡದೆಯೂ ಆ ಧ್ವನಿಮುದ್ರಣವನ್ನು ಕೇಳಬೇಕೆಂಬುದೇ ಇಲ್ಲಿನ ಅಭಿಪ್ರಾಯ. ಕ್ರೈಸ್ತಪ್ರಾರ್ಥನೆಯಲ್ಲಿ ಕರುಣೆಯ ಬೇಡಿಕೆ ಎಂದಿಗೂ ಶುದ್ಧರ ಹಕ್ಕಾಗಿರಲಿಲ್ಲ; ತಪ್ಪಿತಸ್ಥನೇ ಅದನ್ನು ಹೇಳಬೇಕಾದವನು. ನುಡಿಸಿದವರು ಹಾಗೆಂದು ತಿಳಿದು ನುಡಿಸಿದರೆಂದು ಯಾರೂ ಸಾಧಿಸಲಾರರು, ಮತ್ತು ಆ ವಾದ್ಯಗಳ ಆರ್ತತೆಯಿಂದ ಯಾರೊಬ್ಬರ ಹೊಣೆಯೂ ಕಡಿಮೆಯಾಗುವುದಿಲ್ಲ. ಅದನ್ನು ಕೇಳಿದವನು ಅದರ ಪಕ್ಕದಲ್ಲೇ ಬ್ರೂನೊ ವಾಲ್ಟರ್ ಅವರ 1959ರ ಧ್ವನಿಮುದ್ರಣವನ್ನೂ ಇಟ್ಟುಕೊಳ್ಳಬೇಕು. ಬರ್ಲಿನ್‌ನಲ್ಲೇ ಹುಟ್ಟಿದ ವಾಲ್ಟರ್ ಯಹೂದಿ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ಜರ್ಮನಿಯ ವೇದಿಕೆಗಳನ್ನೂ, 1938ರಲ್ಲಿ ವಿಯೆನ್ನಾವನ್ನೂ ಕಳೆದುಕೊಂಡು ಅಮೆರಿಕ ಸೇರಿದವರು. 83ರ ವಯಸ್ಸಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಧ್ವನಿಮುದ್ರಣಕ್ಕೆಂದೇ ಕೂಡಿಸಿದ ಕೊಲಂಬಿಯ ಸಿಂಫನಿ ವೃಂದದೊಡನೆ ಅವರು ನುಡಿಸಿದ ಅಡಾಜಿಯೋ ಸುಮಾರು 23 ನಿಮಿಷಗಳದ್ದು, ಫುರ್ಟ್‌ವೆಂಗ್ಲರ್ ಅವರದಕ್ಕಿಂತ ಚಿಕ್ಕದು. ಆದರೆ ಅದರಲ್ಲಿ ಧಾವಂತವಿಲ್ಲ, ಸಾಲುಗಳು ಹಾಡಿದಂತೆ ಬಾಗುತ್ತವೆ, ಶಿಖರದಲ್ಲಿಯೂ ದನಿ ಮಾನವೀಯವಾದ ಅಳತೆಯನ್ನು ಮೀರುವುದಿಲ್ಲ. ತನ್ನನ್ನು ಹೊರಗಟ್ಟಿದವರು ತಮ್ಮದೆಂದು ಮೆರೆಸಿದ ರಚನಕಾರನನ್ನು ದ್ವೇಷಕ್ಕೆ ಬಿಟ್ಟುಕೊಡದೆ ಮರಳಿ ಪಡೆದುಕೊಂಡ ಬಗೆಯದು. ಎರಡರಲ್ಲಿ ಯಾವುದು ಹೆಚ್ಚು ಸರಿ ಎಂಬ ಪ್ರಶ್ನೆ ಇಲ್ಲಿ ಬಹಳ ಬಡವಾದದ್ದು.

ನಿರ್ದೇಶಕನ ವೈಯಕ್ತಿಕ ನಂಬಿಕೆ ಅವನ ಗತಿಯನ್ನು ನಿರ್ಧರಿಸುತ್ತದೆಯೆಂದು ಊಹಿಸುವುದು ಸುಲಭ, ಆದರೆ ಸಾಕ್ಷ್ಯ ಅದಕ್ಕೆ ಒದಗದು. ಯೋಖುಮ್ ಮತ್ತು ಕಾರ್ಲೊ ಮರಿಯಾ ಜೂಲಿನಿ ಇಬ್ಬರೂ ಕ್ಯಾಥೊಲಿಕ್ ಶ್ರದ್ಧೆಯವರು. ಯೋಖುಮ್ 1964ರಲ್ಲಿ ಬರ್ಲಿನ್‌ನಲ್ಲಿ ನುಡಿಸಿದ್ದರಲ್ಲಿ ಗತಿ ನಿರಂತರ ಬಾಗಿ ಬಳುಕುತ್ತ ಉರಿಯುತ್ತಿದ್ದರೆ, ಜೂಲಿನಿ 1988ರಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್‌ನೊಂದಿಗೆ ಅಡಾಜಿಯೋಗೆ 29 ನಿಮಿಷಗಳಿಗೂ ಹೆಚ್ಚು ಹೊತ್ತು ತೆಗೆದುಕೊಂಡು, ಒಂದೊಂದು ಸ್ವರಕ್ಕೂ ಅದರ ಪೂರ್ಣ ಭಾರವನ್ನು ಕೊಡುತ್ತಾರೆ. ಒಂದೇ ನಂಬಿಕೆ ಇಬ್ಬರಿಂದ ಬೇರೆಬೇರೆ ಕಾಲವನ್ನು ಬೇಡಿದೆ. ಗ್ಯುಂಟರ್ ವಾಂಡ್ 1988ರಲ್ಲಿ ಲ್ಯೂಬೆಕ್‌ನ ಚರ್ಚಿನಲ್ಲಿ ನುಡಿಸಿದಾಗ ಗತಿಗಳ ಪರಸ್ಪರ ಅನುಪಾತವನ್ನು ಕಾಪಾಡುವುದರಲ್ಲೇ ಎಲ್ಲ ಗಮನವಿಟ್ಟಂತೆ ತೋರುತ್ತದೆ; ಆದರೆ ಕಲ್ಲಿನ ಕಮಾನುಗಳ ಕೆಳಗೆ ಆ ಸ್ವರಗುಚ್ಛದ ಅನುರಣನ ನಿಶ್ಶಬ್ದದೊಳಕ್ಕೆ ಬಹುದೂರ ಹರಿಯುವುದರಿಂದ, ಬೇರೆಡೆ ಬರಿದಾಗಿರುವ ವಿರಾಮ ಅಲ್ಲಿ ಬರಿದಾಗಿಲ್ಲ. ಆರ್ಗನ್ ವಾದಕರಾಗಿದ್ದ ಬ್ರೂಕ್ನರ್ ತಮ್ಮ ವಿರಾಮಗಳನ್ನು ಬರೆಯುವಾಗ ಕಿವಿಯಲ್ಲಿಟ್ಟುಕೊಂಡದ್ದು ಇಂಥ ಕಟ್ಟಡವನ್ನೇ ಎಂದು ನಂಬಲು ಬಲವಾದ ಕಾರಣಗಳಿವೆ.

ಇಲ್ಲಿಗೆ ಚೆಲಿಬಿದಾಕೆ ಅವರ ವಿಚಾರ ಸೇರಿಕೊಳ್ಳುತ್ತದೆ. 1912ರಲ್ಲಿ ರೊಮೇನಿಯದಲ್ಲಿ ಹುಟ್ಟಿ, ಯುದ್ಧಾನಂತರದ ಬರ್ಲಿನ್‌ನಲ್ಲಿ ಹೆಸರು ಮಾಡಿ, 1979ರಿಂದ 1996ರಲ್ಲಿ ತೀರಿಕೊಳ್ಳುವವರೆಗೆ ಮ್ಯೂನಿಕ್ ಫಿಲ್‌ಹಾರ್ಮೋನಿಕ್ ಅನ್ನು ನಡೆಸಿದ ಅವರು, ಅನುಭವಕ್ಕೆ ಬಂದದ್ದನ್ನು ಬಂದಂತೆ ವಿವರಿಸುವ ಹುಸ್ಸರ್ಲ್ ಪರಂಪರೆಯ ತತ್ತ್ವಶಾಸ್ತ್ರದಲ್ಲಿಯೂ ಜೆನ್ ಬೌದ್ಧಮತದಲ್ಲಿಯೂ ಆಸಕ್ತರಾಗಿದ್ದರು. ವೇಗವೆಂಬುದು ಗಡಿಯಾರದಿಂದ ಅಳೆಯುವ ಸಂಖ್ಯೆಯಲ್ಲವೆಂಬುದು ಅವರ ನಿಲುವು: ಒಂದು ಕ್ಷಣದಲ್ಲಿ ಮೊಳಗುವ ಸ್ವರಗಳ ಸಮೃದ್ಧಿಯನ್ನು ಕಿವಿ ಒಂದಾಗಿ ಗ್ರಹಿಸಿಕೊಳ್ಳಲು ಬೇಕಾಗುವ ಅವಕಾಶವೇ ವೇಗ, ಆದ್ದರಿಂದ ಸಮೃದ್ಧಿ ಹೆಚ್ಚಿದಷ್ಟೂ, ಸಭಾಭವನದ ಅನುರಣನ ದೀರ್ಘವಾದಷ್ಟೂ ಗತಿ ನಿಧಾನವಾಗಬೇಕು. ಇದೇ ಕಾರಣಕ್ಕೆ ಅವರು ದಶಕಗಳ ಕಾಲ ಧ್ವನಿಮುದ್ರಿಕೆಗಳನ್ನು ನಿರಾಕರಿಸಿದರು. ಭವನದ ಗಾಳಿಯಲ್ಲಿ ಹುಟ್ಟಿ ಅಲ್ಲೇ ಕಳೆಯುವ ನಾದದಿಂದ ನಿರ್ಧಾರವಾದ ಗತಿಯನ್ನು ಯಂತ್ರ ಕಿತ್ತುತಂದು ಬೇರೊಂದು ಕೋಣೆಯಲ್ಲಿ ಮೊಳಗಿಸಿದರೆ, ಉಳಿಯುವುದು ಗತಿ ಮಾತ್ರ, ಅದಕ್ಕೆ ಕಾರಣವಾದ ನಾದ ಹಿಂದೆಯೇ ಉಳಿದುಹೋಗುತ್ತದೆ. ಅವರು 1995ರಲ್ಲಿ ಮ್ಯೂನಿಕ್‌ನಲ್ಲಿ ನಡೆಸಿದ ಒಂಬತ್ತನೆಯ ಸಿಂಫನಿಯ ಕಚೇರಿ ಅವರು ತೀರಿಕೊಂಡ ಮೇಲೆ ಕುಟುಂಬದ ಒಪ್ಪಿಗೆಯಿಂದ ಧ್ವನಿಮುದ್ರಿಕೆಯಾಗಿ ಹೊರಬಂದಿದೆ. ಮೂರು ಭಾಗಗಳಿಗೆ ಸುಮಾರು 77 ನಿಮಿಷ, ಅಡಾಜಿಯೋ ಒಂದಕ್ಕೇ 30 ನಿಮಿಷಗಳ ಮೇಲೆ. ಅದನ್ನು ಕೇಳುವವನು ರಚನಕಾರನ ಇಚ್ಛೆಯ ಜೊತೆಗೆ ನಿರ್ದೇಶಕನ ಇಚ್ಛೆಯ ಪ್ರಶ್ನೆಯನ್ನೂ ಎದುರಿಸುತ್ತಾನೆ.

ಚೆಲಿಬಿದಾಕೆ ಅವರ ತರ್ಕದಲ್ಲಿ ಭರ್ತೃಹರಿಯ ವಿಭಾಗ ತಲೆಕೆಳಗಾಗಿದೆಯೆಂಬುದನ್ನು ಗಮನಿಸಬೇಕು. ವ್ಯಾಕರಣಶಾಸ್ತ್ರ ಯಾವ ಧ್ವನಿಯ ಹಬ್ಬುವಿಕೆಯನ್ನು ಶಬ್ದಕ್ಕೆ ಹೊರಗಿನದೆಂದು ಬೇರ್ಪಡಿಸಿತೋ ಅದನ್ನೇ ಅವರು ಸಂಗೀತದ ಒಳಗಿನ ನಿಯಾಮಕವಾಗಿ ಮಾಡುತ್ತಾರೆ. ಮಾತಿನಲ್ಲಿ ಅರ್ಥ ಹೊಳೆದೊಡನೆ ಧ್ವನಿಯ ಕೆಲಸ ಮುಗಿಯುತ್ತದೆ, ಸಂಗೀತದಲ್ಲಿ ಧ್ವನಿಯನ್ನು ದಾಟಿ ತಲುಪಬೇಕಾದ ಇನ್ನೊಂದು ಅರ್ಥ ಕಾದಿರುವುದಿಲ್ಲವಾದ್ದರಿಂದ ಈ ತಿರುವುಮುರುವು ನ್ಯಾಯವೇ. ಆದರೂ ಅವರ ತರ್ಕಕ್ಕೆ ಒಂದು ಮಿತಿಯಿದೆ. ಧ್ವನಿಮುದ್ರಣ ಸುಳ್ಳೆಂದು ತಳ್ಳಿಹಾಕಿದವರಿಗೆ ಲೋವೆಯ ಪಾಠಕ್ಕೂ ಮೂಲಕ್ಕೂ, ಫುರ್ಟ್‌ವೆಂಗ್ಲರ್ ಅವರ ಕೂಗಿಗೂ ವಾಲ್ಟರ್ ಅವರ ಸಂಯಮಕ್ಕೂ ಇರುವ ಅಂತರವನ್ನು ಮತ್ತೆಮತ್ತೆ ತೂಗಿನೋಡುವ ದಾರಿ ಮುಚ್ಚಿಹೋಗುತ್ತದೆ. ಒಂದೇ ಸಂಜೆಯಲ್ಲಿ ಕೇಳಿದ ಪ್ರಯೋಗ ಅದೇ ಕೃತಿಯೆಂದು ತೋರುವುದು ಸಹಜ. ಅದು ಒಂದು ಉತ್ತರ ಮಾತ್ರವೆಂದು ತಿಳಿಯಬೇಕಾದರೆ ಎರಡನೆಯದನ್ನು ಕೇಳಲೇಬೇಕು, ಮತ್ತು ಫುರ್ಟ್‌ವೆಂಗ್ಲರ್ ಅವರಂತೆ ತೀರಿಹೋದವರ ಉತ್ತರ ಕೇಳಿಸುವುದು ಯಂತ್ರದಿಂದಲೇ.

ಪ್ರಾರ್ಥನೆ ನಿಂತ ಜಾಗವೇ ಅದರ ಗುರಿಯೇ ಎಂದು ಮೊದಲೆತ್ತಿದ ಪ್ರಶ್ನೆಗೆ ಅಗಸ್ಟೀನನ ಕಾಲವಿಚಾರ ಹೆಚ್ಚು ನೆರವಾಗುತ್ತದೆ. ತನ್ನ 'ನಿವೇದನೆಗಳು' ಗ್ರಂಥದ ಹನ್ನೊಂದನೆಯ ಅಧ್ಯಾಯದಲ್ಲಿ ಅವನು, ತನಗೆ ಬಾಯಿಪಾಠವಾದ ಕೀರ್ತನೆಯೊಂದನ್ನು ಹೇಳಹೊರಟವನ ಮನಸ್ಸು ಹೇಗೆ ಕೆಲಸಮಾಡುತ್ತದೆಂದು ವಿವರಿಸುತ್ತಾನೆ: ತೊಡಗುವ ಮೊದಲು ನಿರೀಕ್ಷೆ ಕೀರ್ತನೆಯ ಉದ್ದಕ್ಕೂ ಚಾಚಿರುತ್ತದೆ, ಹೇಳುತ್ತ ಹೋದಂತೆ ನಿರೀಕ್ಷೆ ಕುಗ್ಗಿ ಸ್ಮೃತಿ ಬೆಳೆಯುತ್ತದೆ, ಪ್ರತಿ ಉಚ್ಚಾರವೂ ಈ ಎರಡರ ನಡುವೆ ಎಳೆದು ಹಿಡಿದ ಗಮನದಲ್ಲಿ ನಡೆಯುತ್ತದೆ. ಹಾಗಿದ್ದರೆ ಮುಂದೆ ಏನು ಬರಲಿದೆಯೆಂಬ ಅರಿವು ಈಗ ಹೇಳುತ್ತಿರುವುದರ ಒಳಗೇ ಇದೆ. ಒಂಬತ್ತನೆಯ ಸಿಂಫನಿಯ ಬಹುತೇಕ ಧ್ವನಿಮುದ್ರಣಗಳಲ್ಲಿ ಅಡಾಜಿಯೋ ಆದ ಮೇಲೆ ಏನೂ ಬರಲಿಕ್ಕಿಲ್ಲ. ನುಡಿಸುವವರಿಗೆ ಅದು ಗೊತ್ತು, ಕೇಳುವವರಿಗೂ ಗೊತ್ತು. ಆದ್ದರಿಂದ ಅದರ ಕೊನೆಯ ಪುಟಗಳು ಇಡೀ ಕೃತಿಯ ಕೊನೆಯಾಗಿ, ರಚನಕಾರನ ಮರಣದ ಹೊಸ್ತಿಲಾಗಿ ಮೂಡುತ್ತವೆ. ಕ್ಲೌಡಿಯೊ ಅಬ್ಬಾಡೊ 2013ರ ಆಗಸ್ಟಿನಲ್ಲಿ ಲೂಸರ್ನ್‌ನಲ್ಲಿ ತಮ್ಮ ಬದುಕಿನ ಕೊನೆಯ ಕಚೇರಿಯನ್ನು ಶೂಬರ್ಟ್ ಅವರ ಅಪೂರ್ಣ ಸಿಂಫನಿ ಮತ್ತು ಈ ಕೃತಿಯಿಂದ ನಡೆಸಿ, ಮುಂದಿನ ಜನವರಿಯಲ್ಲಿ ತೀರಿಕೊಂಡರು. ಆ ದಿನಗಳ ಧ್ವನಿಮುದ್ರಣದ ಪಾರದರ್ಶಕ ಸೌಮ್ಯತೆಯನ್ನು ಈಗ ಆ ಸಾವಿನಿಂದ ಬೇರ್ಪಡಿಸಿ ಕೇಳುವವರು ವಿರಳ.

ಆದರೆ ಬ್ರೂಕ್ನರ್ ಅಡಾಜಿಯೋವನ್ನು ಕೊನೆಯೆಂದು ಬರೆಯಲಿಲ್ಲ. ವಿದಾಯದ ಸಾಲನ್ನು ಬರೆದ ಕೈ ಅದರಾಚೆಗೆ ಸ್ತುತಿಯನ್ನು ಬರೆಯಲು ಹೊರಟಿತ್ತು; ಕೊನೆಯ ಭಾಗದ ಕರಡಿನಲ್ಲಿ ತೆ ದೇಉಮ್‌ನ ಪಿಟೀಲುಗಳ ಓಟ ಮರಳಿ ಬರುತ್ತದೆ, ಕೃತಿ ದೇವರನ್ನು ಹೊಗಳುವ ಅಲ್ಲೆಲೂಯದಿಂದ ಮುಗಿಯಬೇಕೆಂದು ತಮ್ಮ ವೈದ್ಯರಿಗೆ ಹೇಳಿದ್ದರು. ತೀರಿಕೊಂಡ ಮೇಲೆ ಆ ಕರಡಿನ ಹಾಳೆಗಳನ್ನು ನೆನಪಿಗೆಂದು ಒಯ್ದವರಿದ್ದರು. ಕೆಲವು ಹಾಳೆಗಳು ಕಾಣೆಯಾಗಿವೆ, ಕೆಲವು ಬಹಳ ತಡವಾಗಿ ಸಿಕ್ಕಿವೆ, ಮುಕ್ತಾಯದ ಪುಟಗಳಿಗೆ ವಾದ್ಯರಚನೆಯಾದ ಲಿಪಿಯೇ ಇಲ್ಲ. ಸೈಮನ್ ರ್‍ಯಾಟಲ್ 2012ರಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್‌ನೊಂದಿಗೆ, ಸಾಮಾಲೆ, ಫಿಲಿಪ್ಸ್, ಕೋರ್ಸ್, ಮಾಟ್ಸುಕಾ ಎಂಬ ನಾಲ್ವರು ದಶಕಗಳ ಶ್ರಮದಿಂದ ಪೂರ್ಣಗೊಳಿಸಿದ ಪಾಠದಲ್ಲಿ ನಾಲ್ಕೂ ಭಾಗಗಳನ್ನು ಧ್ವನಿಮುದ್ರಿಸಿದರು. ಇಲ್ಲಿ ಅಡಾಜಿಯೋ ಫುರ್ಟ್‌ವೆಂಗ್ಲರ್ ಅವರದರಷ್ಟೇ ಹೊತ್ತಿನದು, ಆದ್ದರಿಂದ ನಿಮಿಷಗಳ ಲೆಕ್ಕದಿಂದ ಏನನ್ನೂ ಸಾಧಿಸಲಾಗದು. ಬದಲಾಗಿರುವುದು ಅದರ ಕೊನೆಯ ಪುಟಗಳ ಭಾರ. ಹಿತ್ತಾಳೆಯ ದೀರ್ಘಸ್ವರ ನಿಂತೊಡನೆ ಕೊನೆಯ ಭಾಗದ ಕತ್ತರಿಸಿದಂಥ ಲಯ ತೊಡಗಿದಾಗ, ಅಷ್ಟುಹೊತ್ತು ಮುಕ್ತಿಯೆಂದು ಕೇಳಿಸಿದ್ದು ನಡುದಾರಿಯ ಬಿಡಾರವೆಂದು ತಿಳಿಯುತ್ತದೆ, ಆ ಮಹಾಗುಚ್ಛದ ಕೂಗಿಗೆ ಇನ್ನೂ ಉತ್ತರ ಬಂದಿಲ್ಲವೆಂದೂ ತಿಳಿಯುತ್ತದೆ.

ಈ ಪೂರ್ಣಪಾಠವನ್ನು ಬ್ರೂಕ್ನರ್ ಕೃತಿಯೆಂದು ಒಪ್ಪಬೇಕೆಂದಲ್ಲ. ಅದರ ಮುಕ್ತಾಯ ವಿದ್ವಾಂಸರ ಊಹೆ, ಮತ್ತು ಎಷ್ಟೇ ಆಧಾರವುಳ್ಳದ್ದಾದರೂ ಇನ್ನೊಬ್ಬನ ಪರವಾಗಿ ಅಲ್ಲೆಲೂಯ ಹೇಳುವುದರಲ್ಲಿ, ಲೋವೆ ಇನ್ನೊಬ್ಬನ ಪರವಾಗಿ ಕೂಗನ್ನು ತಗ್ಗಿಸಿದ್ದರಲ್ಲಿದ್ದ ಅಪಾಯದ ಪಾಲು ಸ್ವಲ್ಪ ಇದ್ದೇ ಇದೆ. ವ್ಯತ್ಯಾಸವೆಂದರೆ ಇವರು ಮಾಡಿದ್ದನ್ನು ಬಹಿರಂಗವಾಗಿ ತಿಳಿಸಿದ್ದಾರೆ. ತೆ ದೇಉಮ್ ಹಾಡಿಸುವ ದಾರಿ ಸ್ವತಃ ರಚನಕಾರರದೇ ಆಗಿದ್ದರೂ, ಅದರ ಸಿ ಮೇಜರ್ ಶ್ರುತಿಗೂ ಡಿ ಮೈನರ್‌ನಲ್ಲಿ ತೊಡಗಿದ ಸಿಂಫನಿಗೂ ಹೊಂದಿಕೆ ಸಾಲದೆಂದು ಬಹಳ ಮಂದಿ ಅದನ್ನು ಬಿಟ್ಟಿದ್ದಾರೆ. ಇವೆಲ್ಲದರ ನಡುವೆ ನಿಕೋಲಾಸ್ ಹಾರ್ನೊನ್‌ಕೂರ್ಟ್ 2002ರಲ್ಲಿ ಸಾಲ್ಸ್‌ಬರ್ಗ್‌ನಲ್ಲಿ ವಿಯೆನ್ನಾ ಫಿಲ್‌ಹಾರ್ಮೋನಿಕ್‌ನೊಡನೆ ಹಿಡಿದ ದಾರಿಯೇ ರಚನಕಾರನಿಗೂ ಕೇಳುಗನಿಗೂ ಹೆಚ್ಚು ನ್ಯಾಯ ಸಲ್ಲಿಸುವಂಥದು. ಅವರು ಮೂರು ಭಾಗಗಳನ್ನು ಧ್ವನಿಮುದ್ರಿಸಿದ್ದಲ್ಲದೆ, ಕೊನೆಯ ಭಾಗದ ಉಳಿದ ತುಣುಕುಗಳನ್ನು ಬೇರೆಯಾಗಿ, ತಮ್ಮ ವಿವರಣೆಯ ಮಾತುಗಳೊಂದಿಗೆ, ಲಿಪಿ ಕಡಿದುಹೋದಲ್ಲಿ ವಾದ್ಯಗಳನ್ನೂ ನಿಲ್ಲಿಸುತ್ತ ನುಡಿಸಿ ತೋರಿಸಿದರು. ಆ ಎರಡೂ ಒಂದೇ ಧ್ವನಿಮುದ್ರಿಕೆಯಲ್ಲಿ ಪ್ರಕಟವಾಗಿವೆ. ತುಣುಕುಗಳನ್ನು ಮೊದಲು ಕೇಳಿ, ಬ್ರೂಕ್ನರ್ ಎತ್ತ ಹೊರಟಿದ್ದರೆಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು, ಆಮೇಲೆ ಜೂಲಿನಿಯವರದೋ ಫುರ್ಟ್‌ವೆಂಗ್ಲರ್ ಅವರದೋ ಅಡಾಜಿಯೋವನ್ನು ಕೇಳುವವನ ಕಿವಿಗೆ, ಅಗಸ್ಟೀನ್ ಹೇಳಿದ ನಿರೀಕ್ಷೆ ಮೂರನೆಯ ಭಾಗದ ಕೊನೆಯ ಪಟ್ಟಿನಲ್ಲಿ ತೀರಿಹೋಗದೆ ಅದರಾಚೆಗೂ ಚಾಚಿಕೊಂಡಿರುತ್ತದೆ.